ಗೀಸರ್ ಆಫ್ ಇದ್ದರೂ ಟ್ರಿಪ್ ಆಗುತ್ತಿತ್ತು: ಮನೆಯ ದೊಡ್ಡ ಲೋಡ್‌ಗಳ ವೈರಿಂಗ್, ನನ್ನ ಅನುಭವ

ಹೆಚ್ಚು ಕರೆಂಟ್ ಎಳೆಯುವ ಯಾವ ಉಪಕರಣ ಮನೆಗೆ ಬಂದರೂ ನಾನು ಮೊದಲು ಓದುವುದು ಅದರ ಹಿಂದೆ ಅಂಟಿಸಿರುವ ಚೀಟಿಯನ್ನು. ಪ್ಲಗ್ ನೋಡಿ ಯಾವುದನ್ನೂ ತೀರ್ಮಾನ ಮಾಡುವುದಿಲ್ಲ. ಪ್ಲಗ್ ಸಾಕೆಟ್‌ನಲ್ಲಿ ಕೂತಿತು ಅಂದ ಮಾತ್ರಕ್ಕೆ ಗೋಡೆಯೊಳಗಿನ ವೈರ್ ಆ ಕರೆಂಟನ್ನು ತಾಳುತ್ತದೆ ಅಂತೇನಿಲ್ಲ. ಚೀಟಿಯಲ್ಲಿ ವೋಲ್ಟ್ ಮತ್ತು ವ್ಯಾಟ್ ಇರುತ್ತದೆ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಅಷ್ಟೇ ಲೆಕ್ಕ.

230 ವೋಲ್ಟ್‌ನಲ್ಲಿ 3000 ವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಪಕ್ಕದಲ್ಲೇ ಇರುವ 9 ವ್ಯಾಟ್ ಎಲ್‌ಇಡಿ ಬಲ್ಬ್ ಎಳೆಯುವುದು 0.04 ಆಂಪಿಯರ್. 7200 ವ್ಯಾಟ್‌ನ ದೊಡ್ಡ ಇಂಡಕ್ಷನ್ ಒಲೆಯಾದರೆ ಸುಮಾರು 31 ಆಂಪಿಯರ್. 120 ವೋಲ್ಟ್ ಇರುವ ಅಮೆರಿಕದಂಥ ದೇಶಗಳಲ್ಲಿ ಅದೇ ಗೀಸರ್‌ಗೆ 25 ಆಂಪಿಯರ್ ಬೇಕಾಗುತ್ತದೆ. ಅದಕ್ಕೇ ಅಲ್ಲಿ ದೊಡ್ಡ ಉಪಕರಣಗಳಿಗೆ ಎರಡು ಲೈವ್ (ಫೇಸ್) ವೈರ್ ಎಳೆದು 240 ವೋಲ್ಟ್ ಕೊಡುತ್ತಾರೆ. ಅಂಥ ಕಡೆ ಕೆಲಸ ಮಾಡುವವರು ನೆನಪಿಡಬೇಕು: ಎರಡೂ ವೈರ್ ಶಾಕ್ ಹೊಡೆಯುತ್ತವೆ.

ಆಂಪಿಯರ್ ಗೊತ್ತಾದ ಮೇಲೆ ವೈರ್, ಆಮೇಲೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಸಪ್ಲೈ ಕಡಿಯುವ ಸ್ವಿಚ್. ಈ ಕ್ರಮವನ್ನು ನಾನು ತಿರುಗಿಸುವುದಿಲ್ಲ. ಎಂಸಿಬಿ ಪದೇ ಪದೇ ಬೀಳುತ್ತಿದೆ ಅಂತ 16ರದ್ದು ತೆಗೆದು 32ರದ್ದು ಹಾಕುವವರನ್ನು ನೋಡಿದ್ದೇನೆ. ಅಲ್ಲಿಗೆ ವೈರ್ ಕಾಯುವವರು ಯಾರೂ ಇಲ್ಲ ಅಂತ ಆಯಿತು. ಎಂಸಿಬಿ ಇರುವುದು ವೈರ್‌ಗೋಸ್ಕರ. ಅದಕ್ಕೂ ಅವಸರವಿಲ್ಲ. 16 ಆಂಪಿಯರ್ ಎಂಸಿಬಿಯಲ್ಲಿ 23 ಆಂಪಿಯರ್ ಹರಿದರೆ ಅದು ಬೀಳಲು ಒಂದು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಅಂತರರಾಷ್ಟ್ರೀಯ ಮಾನದಂಡದಲ್ಲೇ ಅಷ್ಟು ಅವಕಾಶವಿದೆ. ಆ ಒಂದು ಗಂಟೆ ವೈರ್ ಬಿಸಿಯಾಗುತ್ತಲೇ ಇರುತ್ತದೆ. ಹಾಗಾಗಿ ಗೀಸರ್‌ಗೆ ನಾನು 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದೆ, ಬೋರ್ಡಿನಿಂದ ನೇರವಾಗಿ, ಮಧ್ಯೆ ಬೇರೆ ಯಾವ ಸಾಕೆಟ್‌ಗೂ ಕವಲು ಕೊಡದೆ. 2.5 ಸಾಕಾಗುತ್ತಿತ್ತು. ಆದರೆ ವೈರ್ ಪೈಪಿನೊಳಗೆ ಹೋಗುತ್ತದೆ, ಜೊತೆಗೆ ಬೇರೆ ವೈರ್‌ಗಳೂ ಇವೆ, ಶಾಖ ಹೊರಗೆ ಹೋಗಲು ದಾರಿ ಕಡಿಮೆ. ಒಂದು ಸೈಜ್ ಜಾಸ್ತಿ ಹಾಕಿದರೆ ನಷ್ಟವೇನಿಲ್ಲ.

ನಿಜವಾಗಿ ಹೆಚ್ಚು ಕಾಟ ಕೊಡುವುದು ಸಡಿಲ ಸ್ಕ್ರೂ. ಸರಿಯಾಗಿ ಬಿಗಿಯದ ಒಂದು ಜಾಯಿಂಟ್‌ನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 13 ಆಂಪಿಯರ್ ಹರಿದಾಗ ಅಷ್ಟು ಚಿಕ್ಕ ಜಾಗದಲ್ಲಿ ಸುಮಾರು 85 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಇನ್ನೇನು ಬೇಕು? ಇಲ್ಲಿ ಎಂಸಿಬಿ ಬೀಳುವುದೇ ಇಲ್ಲ, ಯಾಕಂದರೆ ಕರೆಂಟ್ ಹೆಚ್ಚಾಗಿಲ್ಲವಲ್ಲ. ಎಳೆಎಳೆಯಾಗಿರುವ ವೈರ್‌ನ ತುದಿಗೆ ನಾನು ಲಗ್ (ಲೋಹದ ಚಿಕ್ಕ ತೊಡಿಗೆ) ಹಾಕಿ ಒತ್ತಿಯೇ ಸ್ಕ್ರೂ ಕೆಳಗೆ ಕೂರಿಸುತ್ತೇನೆ, ಆಮೇಲೆ ವೈರ್ ಹಿಡಿದು ಜಗ್ಗಿ ನೋಡುತ್ತೇನೆ. ಕೆಲವು ವಾರ ಗೀಸರ್ ಓಡಿದ ಮೇಲೆ ಮೇನ್ ಆಫ್ ಮಾಡಿ ಮತ್ತೊಮ್ಮೆ ಬಿಗಿ ಮಾಡುತ್ತೇನೆ. ಪ್ಲಗ್ ಪಿನ್ ಕಪ್ಪಾಗಿದ್ದರೆ ಪ್ಲಗ್, ಸಾಕೆಟ್ ಎರಡನ್ನೂ ಬದಲಿಸುತ್ತೇನೆ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಇನ್ನು ಮನುಷ್ಯನನ್ನು ಕಾಯುವ ವಿಷಯ. ಒದ್ದೆ ಮೈಯ ರೆಸಿಸ್ಟೆನ್ಸ್ 1000 ಓಮ್ ಆಸುಪಾಸು ಅಂತ ಹಿಡಿದರೆ, 230 ವೋಲ್ಟ್‌ಗೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಸುಮಾರು 0.01 ಆಂಪಿಯರ್‌ಗೇ ಹಿಡಿದ ಕೈ ಬಿಡಲಾಗದಂತೆ ಸ್ನಾಯು ಸೆಟೆದುಕೊಳ್ಳುತ್ತದೆ. ಅದರ ಕೆಲವು ಪಟ್ಟಾದರೆ ಹೃದಯದ ಬಡಿತವೇ ತಪ್ಪಬಹುದು. ಆರ್‌ಸಿಸಿಬಿ ಬೇಕಾಗುವುದು ಇಲ್ಲಿಯೇ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಲೆಕ್ಕ ನೋಡುವವನ ಹಾಗೆ: ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ (0.03 ಆಂಪಿಯರ್) ಕಡಿಮೆ ಬಂದರೆ ಕ್ಷಣದಲ್ಲಿ ಸಪ್ಲೈ ಕಟ್. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದೂ ಕಾಪಾಡಲಾರದು, ಯಾಕಂದರೆ ಆಗ ಅದರ ಲೆಕ್ಕ ಸರಿಯಾಗಿಯೇ ಇರುತ್ತದೆ. ಇನ್ನು ಆರ್‌ಸಿಸಿಬಿ ಇದೆ ಅಂತ ಅರ್ಥಿಂಗ್ ಬಿಡುವ ಹಾಗಿಲ್ಲ. ಅರ್ಥ್ ವೈರ್ ಇದ್ದರೆ ಸೋರಿಕೆ ಶುರುವಾದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ಇದನ್ನೆಲ್ಲ ನಾನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಒಂದು ಹಳೆಯ ಗೀಸರ್‌ನಿಂದ. ಓವನ್ ಹಾಕಿದಾಗೆಲ್ಲ ಆರ್‌ಸಿಸಿಬಿ ಬೀಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೂ ಒಮ್ಮೊಮ್ಮೆ ಹಾಗೆಯೇ. ಗೀಸರ್ ಸ್ವಿಚ್ ಆಫ್ ಇತ್ತು, ಆದ್ದರಿಂದ ಮನೆಯವರೆಲ್ಲ ಓವನ್ ಕೆಟ್ಟಿದೆ ಅಂತಲೇ ಹೇಳುತ್ತಿದ್ದರು. ಅದೇ ಓವನ್ ಬೇರೆ ಮನೆಯಲ್ಲಿ ಸುಮ್ನೆ ಓಡಿತು.

ನಾನು ಮಾಡಿದ್ದು ಇಷ್ಟು. ಆರ್‌ಸಿಸಿಬಿ ಕೆಳಗಿನ ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡಿದೆ. ಎಲ್ಲೂ ಸುಳಿವು ಸಿಗಲಿಲ್ಲ. ಯಾಕಂದರೆ ಆ ಎಂಸಿಬಿಗಳು ಫೇಸನ್ನು ಮಾತ್ರ ಕಡಿಯುವಂಥವು, ನ್ಯೂಟ್ರಲ್ ಜೋಡಣೆ ಹಾಗೆಯೇ ಇರುತ್ತದೆ. ಗೀಸರ್‌ನ ಸ್ವಿಚ್ ಕೂಡ ಅಂಥದ್ದೇ. ಆಮೇಲೆ ಮೇನ್ ಆಫ್ ಮಾಡಿ, ಒಂದೊಂದೇ ಸರ್ಕ್ಯೂಟ್‌ನ ನ್ಯೂಟ್ರಲ್ ಬಿಚ್ಚಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟೆ. ಗೀಸರ್ ಲೈನಿನಲ್ಲಿ 40 ಓಮ್ ತೋರಿಸಿತು. ಸರಿಯಿದ್ದರೆ ಅಲ್ಲಿ ಲಕ್ಷಾಂತರ ಓಮ್ ಇರಬೇಕು.

ಗೀಸರ್ ಮುಚ್ಚಳ ತೆಗೆದೆ. ಹೀಟಿಂಗ್ ಎಲಿಮೆಂಟ್‌ನ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 18 ಓಮ್. 3000 ವ್ಯಾಟ್‌ಗೆ ಇದು ಸರಿಯಾದ ಅಳತೆ. ಆದರೆ ನ್ಯೂಟ್ರಲ್ ಕಡೆಯ ತುದಿಯಿಂದ ಹೊರಗಿನ ಲೋಹದ ಕವಚಕ್ಕೆ ಅದೇ 40 ಓಮ್. ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದು, ಕರೆಂಟ್ ಕವಚಕ್ಕೆ ಬರದಂತೆ ತಡೆಯುವ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ನೀರು ಕುಡಿದಿತ್ತು. ಓವನ್ ಥರದ ದೊಡ್ಡ ಲೋಡ್ ಓಡುವಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಏಳುವುದು ಸಹಜ. 2 ವೋಲ್ಟನ್ನು 40 ಓಮ್‌ನಿಂದ ಭಾಗಿಸಿ: 50 ಮಿಲಿ ಆಂಪಿಯರ್. ಓವನ್‌ನಿಂದ ವಾಪಸ್ ಬರುವ ಕರೆಂಟ್‌ನಲ್ಲಿ ಅಷ್ಟು ಭಾಗ ಆಫ್ ಆಗಿರುವ ಗೀಸರ್ ಮೂಲಕ ಅರ್ಥ್‌ಗೆ ಹೋಗುತ್ತಿತ್ತು. ಆರ್‌ಸಿಸಿಬಿ ಬೀಳದೆ ಇನ್ನೇನು ಮಾಡೀತು? ಮನೆಯಲ್ಲಿ ಅದನ್ನು ತೆಗೆದುಬಿಡೋಣ ಅನ್ನುವ ಮಾತೂ ಬಂದಿತ್ತು. ನಾನು ಒಪ್ಪಲಿಲ್ಲ.

ಎಲಿಮೆಂಟ್ ಬದಲಿಸಿದೆ. ಈ ಸಲ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿದೆ. 500 ವೋಲ್ಟ್ ಇನ್ಸುಲೇಷನ್ ಟೆಸ್ಟರ್‌ನಿಂದ ಎಲಿಮೆಂಟ್ ಮತ್ತು ಕವಚದ ನಡುವೆ ಅಳೆದೆ. ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುವುದರಿಂದ ಸಣ್ಣ ದೋಷ ಅದಕ್ಕೆ ಕಾಣದೇ ಹೋಗಬಹುದು. ಹೊಸ ಎಲಿಮೆಂಟ್ 1 ಮೆಗಾ ಓಮ್‌ಗಿಂತ ಎಷ್ಟೋ ಮೇಲಿತ್ತು.

ವೈರ್ ಮುಟ್ಟುವ ಮುಂಚೆ ನನ್ನ ಪದ್ಧತಿ ಒಂದೇ. ಕರೆಂಟ್ ಇದೆ ಅಂತ ಗೊತ್ತಿರುವ ಸಾಕೆಟ್‌ನಲ್ಲಿ ಮೀಟರ್ ಇಟ್ಟು ನೋಡುತ್ತೇನೆ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಆ ಮೊದಲಿನ ಸಾಕೆಟ್‌ನಲ್ಲಿ. ಮಧ್ಯದಲ್ಲಿ ಮೀಟರೇ ಕೆಟ್ಟಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆಯುತ್ತೇನೆ. ಟೆಸ್ಟರ್ ಸ್ಕ್ರೂಡ್ರೈವರ್‌ನ ದೀಪ ಹತ್ತಲಿಲ್ಲ ಅನ್ನುವುದನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ. ವೈರ್‌ನ ಬಣ್ಣವನ್ನಂತೂ ನಂಬುವುದೇ ಇಲ್ಲ. ಮುಂಚೆ ಕೆಲಸ ಮಾಡಿದವರ ಕೈಯಲ್ಲಿ ಆಗ ಯಾವ ಬಣ್ಣ ಉಳಿದಿತ್ತೋ ಯಾರಿಗೆ ಗೊತ್ತು?

ಎರಡು ಕಡೆ ನಾನು ಕೈ ಹಾಕುವುದಿಲ್ಲ. ಒಂದು, ಮನೆಯ ವಿದ್ಯುತ್ ಮೀಟರ್‌ನಿಂದ ಮೇನ್ ಸ್ವಿಚ್‌ವರೆಗಿನ ಭಾಗ. ಮೇನ್ ಆಫ್ ಮಾಡಿದರೂ ಅಲ್ಲಿ ಕರೆಂಟ್ ಇರುತ್ತದೆ. ಅದು ಲೈಸೆನ್ಸ್ ಇರುವವರ ಕೆಲಸ. ಇನ್ನೊಂದು, ಮೈಕ್ರೋವೇವ್ ಓವನ್‌ನ ಒಳಗಡೆ. ಅದರ ಟ್ರಾನ್ಸ್‌ಫಾರ್ಮರ್ 2000 ವೋಲ್ಟ್ ಆಸುಪಾಸು ಹುಟ್ಟಿಸುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಮೇಲಾಗಿ ಆ ಶಾಕ್ ಆರ್‌ಸಿಸಿಬಿಗೆ ಕಾಣುವುದೇ ಇಲ್ಲ. ಮೈಕ್ರೋವೇವ್ ಕೆಟ್ಟರೆ ಸರ್ವಿಸ್‌ನವರಿಗೆ ಕೊಡುತ್ತೇನೆ.