ದಿವಾನಗಿರಿಗೆ ಮುಂಚಿನ 18 ವರ್ಷ: ಮಿರ್ಜಾ ಇಸ್ಮಾಯಿಲರ ಬದುಕು ಬರೆದ ನನ್ನ ಅನುಭವ

ಮಂಡ್ಯ ಸೀಮೆಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ಹೆಸರು ಎತ್ತಿದರೆ ಜನ ತಕ್ಷಣ ಹೇಳುವುದು ನಾಲೆ, ಸಕ್ಕರೆ ಕಾರ್ಖಾನೆ, ಬೃಂದಾವನ. ಮೂರೂ ಅವರು ದಿವಾನರಾದ ಮೇಲೆ ಆದವು. ಮೈಸೂರು ಸಂಸ್ಥಾನದ ದಿವಾನರಾಗಿದ್ದು 1926ರ ಮೇ ತಿಂಗಳಲ್ಲಿ, 42ನೇ ವಯಸ್ಸಿನಲ್ಲಿ. ಅಲ್ಲಿವರೆಗೆ ಎಲ್ಲಿದ್ದರು, ಯಾರ ಕೈಕೆಳಗೆ ಕೆಲಸ ಕಲಿತರು ಎಂದು ಕೇಳಿದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ‘ರಾಜರ ಸ್ನೇಹಿತರಂತೆ, ಅದಕ್ಕೇ ದಿವಾನರಾದರಂತೆ’ ಅನ್ನುವುದು ಸಿದ್ಧ ಉತ್ತರ.

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಆಮೇಲೆ ಹೈಸ್ಕೂಲು ಮಕ್ಕಳು ಓದುವಂಥ ಒಂದು ಪುಟ್ಟ ಪುಸ್ತಕ ಬರೆಯೋಣ ಎಂದು ಮಿರ್ಜಾ ಅವರ ಬದುಕನ್ನು ಕೈಗೆತ್ತಿಕೊಂಡೆ. ಅದನ್ನು ಹೇಗೆ ಮಾಡಿದೆ ಎಂದು ಹಲವರು ಕೇಳಿದ್ದಾರೆ. ತಮ್ಮ ಊರಿನ ಹಳೆಯ ಅಧಿಕಾರಿಗಳ ಬಗ್ಗೆ ಬರೆಯುವವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಹೇಳುತ್ತಿದ್ದೇನೆ.

ಸರ್ಕಾರಿ ನೌಕರನ ಕಥೆ ಗೊತ್ತಾಗಬೇಕಾದರೆ ಮೊದಲು ಅವನ ಸೇವಾ ಪುಸ್ತಕ ತೆಗೆಯಬೇಕು. ಕಚೇರಿಯಲ್ಲಿ ನಾವು ಮಾಡುತ್ತಿದ್ದುದು ಅದೇ. ಯಾವ ವರ್ಷ ಯಾವ ಹುದ್ದೆ, ಮೇಲೆ ಯಾರಿದ್ದರು, ಎಷ್ಟು ವರ್ಷ ಅಲ್ಲೇ ಕೂತಿದ್ದರು. ಹಾಗಾಗಿ ನಾನು ಬರೆಯೋಕೆ ಮುಂಚೆ ಒಂದು ಉದ್ದದ ಹಾಳೆಗೆ ಗೆರೆ ಎಳೆದೆ. ಎಡಗಡೆ ಇಸವಿ, ನಡುವೆ ಮಿರ್ಜಾ ಅವರ ಹುದ್ದೆ, ಬಲಗಡೆ ಆಗಿನ ದಿವಾನರು. 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್. 1908ರಲ್ಲಿ ಮಹಾರಾಜರ ಅಸಿಸ್ಟೆಂಟ್ ಸೆಕ್ರೆಟರಿ. 1914ರಲ್ಲಿ ಹುಜೂರ್ ಸೆಕ್ರೆಟರಿ. 1920ರ ದಶಕದ ಆರಂಭದಲ್ಲಿ ಪ್ರೈವೇಟ್ ಸೆಕ್ರೆಟರಿ. ಆಮೇಲೆ ದಿವಾನ್.

ಬಲಗಡೆ ತುಂಬುತ್ತಾ ಹೋದಾಗ ವಿಷಯ ಕಣ್ಣಿಗೆ ಬಿತ್ತು. ವಿ. ಪಿ. ಮಾಧವರಾವ್, ಟಿ. ಆನಂದರಾವ್, ವಿಶ್ವೇಶ್ವರಯ್ಯ, ಕಾಂತರಾಜೇ ಅರಸು, ಬ್ಯಾನರ್ಜಿ. ಐದು ಜನ ದಿವಾನರು ಬಂದು ಹೋದರು. ಮಹಾರಾಜರ ಪಕ್ಕದ ಆ ಕಚೇರಿಯಲ್ಲಿ ಮಿರ್ಜಾ ಮಾತ್ರ ಹಾಗೇ ಇದ್ದರು. 18 ವರ್ಷ! ಇಡೀ ಪುಸ್ತಕವನ್ನು ಆ 18 ವರ್ಷದ ಮೇಲೆ ನಿಲ್ಲಿಸಬೇಕು ಎಂದು ಆವತ್ತೇ ತೀರ್ಮಾನಿಸಿದೆ.

ಹುಜೂರ್ ಸೆಕ್ರೆಟರಿ ಅಂದರೆ ಏನು ಕೆಲಸ? ಇದನ್ನು ಮಕ್ಕಳಿಗೆ ತಿಳಿಸುವುದು ಸುಲಭವಲ್ಲ. ರಾಜ್ಯದ ಆಡಳಿತ ದಿವಾನರದ್ದು. ಆದರೆ ದೊಡ್ಡ ವಿಷಯಕ್ಕೆ ಮಹಾರಾಜರ ಅಪ್ಪಣೆ ಬೇಕು. ದಿವಾನರ ಕಡೆಯ ಕಾಗದ ಮಹಾರಾಜರನ್ನು ಮುಟ್ಟುವುದು ಹುಜೂರ್ ಕಚೇರಿಯ ಮೂಲಕ. ಅಪ್ಪಣೆ ವಾಪಸ್ ಬರುವುದೂ ಅದೇ ದಾರಿಯಲ್ಲಿ.

ನಾನು ಇದನ್ನು ಅರ್ಥ ಮಾಡಿಕೊಂಡಿದ್ದು ನನ್ನದೇ ಕಚೇರಿಯ ಅಭ್ಯಾಸದಿಂದ. ಒಂದು ಕಡತ ತೆಗೆದು ನೋಡಿ. ಒಂದು ಕಡೆ ಬಂದ ಪತ್ರ, ನಕಲು, ನಕ್ಷೆ. ಇನ್ನೊಂದು ಕಡೆ ಟಿಪ್ಪಣಿ ಹಾಳೆ. ಕೆಳಗಿನ ಗುಮಾಸ್ತ ಎರಡು ಪುಟ ಬರೆದಿರುತ್ತಾನೆ. ಅವನ ಮೇಲಿನವರು ಅರ್ಧ ಪುಟ. ಅದರ ಮೇಲಿನವರು ನಾಲ್ಕು ಸಾಲು. ಕಡೆಗೆ ‘ಆಗಬಹುದು’ ಎಂಬ ಒಂದೇ ಮಾತು, ಅದರಡಿ ಪುಟ್ಟ ರುಜು, ತಾರೀಕು. ಆ ಒಂದು ಮಾತು ಬೀಳುವ ಮುಂಚೆ ಯಾರೋ ಒಬ್ಬರು ಇಡೀ ಕಡತ ಓದಿರುತ್ತಾರೆ. ಸಾಹೇಬರ ಎದುರು ನಿಂತು ಇದರಲ್ಲಿ ಗಟ್ಟಿ ಯಾವುದು, ಟೊಳ್ಳು ಯಾವುದು ಎಂದು ಹೇಳಿರುತ್ತಾರೆ. ಆಗಲ್ಲ ಎಂದು ತೀರ್ಮಾನವಾದರೆ ಕೆಳಗಿನವರ ಮನಸ್ಸು ಮುರಿಯದ ಹಾಗೆ ಉತ್ತರ ಕರಡು ಮಾಡಿರುತ್ತಾರೆ. ಅವರ ಹೆಸರು ಎಷ್ಟೋ ಸಲ ಕಡತದಲ್ಲಿ ಇರುವುದೇ ಇಲ್ಲ. ನಾನು ಸಣ್ಣ ಕಚೇರಿಯಲ್ಲಿ ಇಂಥವರನ್ನು ಕಂಡಿದ್ದೇನೆ. ಮಿರ್ಜಾ ಈ ಕೆಲಸವನ್ನು ಒಂದು ಸಂಸ್ಥಾನದ ಮಟ್ಟದಲ್ಲಿ ಮಾಡಿದವರು.

ಆ ವರ್ಷಗಳಲ್ಲಿ ಮೈಸೂರಿನಲ್ಲಿ ಏನೇನು ನಡೆಯಿತು ನೋಡಿ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ನೇಮಕವಾಯಿತು, ಅದೇ ವರ್ಷ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. 1924ರಲ್ಲಿ ಮದರಾಸಿನ ಜೊತೆ ಕಾವೇರಿ ಒಪ್ಪಂದ ಆಯಿತು. ಇದೆಲ್ಲ ನಡೆಯುವಾಗ ಮಿರ್ಜಾ ಮಹಾರಾಜರ ಪಕ್ಕದ ಕಚೇರಿಯಲ್ಲಿ ಇದ್ದರು. ದಿವಾನರಿಗೂ ಮಹಾರಾಜರಿಗೂ ಎಲ್ಲಿ ಹೊಂದುತ್ತದೆ, ಎಲ್ಲಿ ಉರಿ ಹತ್ತುತ್ತದೆ ಎಂದು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಸ್ನೇಹದ ವಿಷಯವನ್ನು ನಾನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೂ ಅದರಲ್ಲಿ ಏನಿಲ್ಲ. ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನಿನಲ್ಲಿ. ಸ್ಟೂವರ್ಟ್ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿ ಪಾಠ ಹೇಳುತ್ತಿದ್ದ ಪುಟ್ಟ ತರಗತಿಯಲ್ಲಿ ಇಬ್ಬರೂ ಜೊತೆಗೆ ಕಲಿತರು. ಬಾಗಿಲು ತೆರೆದಿದ್ದು ಸ್ನೇಹವೇ, ಅನುಮಾನ ಬೇಡ. ಆದರೆ ಸ್ನೇಹಿತ ಎಂದು ಮಹಾರಾಜರು ಅವರನ್ನು ಎತ್ತಿ ಮೇಲೆ ಕೂರಿಸಲಿಲ್ಲ. ಮೊದಲು ಪೊಲೀಸ್ ಇಲಾಖೆಗೆ ಹಾಕಿದರು. ಆಮೇಲೆ ಕಾಗದದ ಮುಂದೆ ಕೂರಿಸಿದರು. ಪದವೀಧರನಾಗಿ ಬಂದ ಹುಡುಗ ನಡುವಯಸ್ಸು ದಾಟುವವರೆಗೆ ಕಾದರು. ಹೀಗೆ ಪಳಗಿಸಿದ್ದು ನಾಲ್ವಡಿಯವರ ದೊಡ್ಡಗುಣ ಎಂದೇ ನನ್ನ ಅಭಿಪ್ರಾಯ. ಸಂಸ್ಥಾನದ ಬಹುಪಾಲು ಜನ ಹಿಂದೂಗಳು, ಮಹಾರಾಜರು ಪೂಜೆ ವ್ರತದಲ್ಲಿ ಮುಳುಗಿದವರು, ಅವರು ನಂಬಿದ ಮನುಷ್ಯ ಒಬ್ಬ ಷಿಯಾ ಮುಸಲ್ಮಾನ. ನಮ್ಮ ಮಕ್ಕಳಿಗೆ ಇದು ಗೊತ್ತಿರಲೇಬೇಕು ಅಲ್ವಾ?

ಆಧಾರಗಳ ವಿಷಯಕ್ಕೆ ಬರುತ್ತೇನೆ. ಮಿರ್ಜಾ ಅವರ ಆತ್ಮಕಥೆ 1954ರಲ್ಲಿ ಇಂಗ್ಲಿಷಿನಲ್ಲಿ ಬಂತು. ಎಪ್ಪತ್ತರ ಆಸುಪಾಸಿನಲ್ಲಿ ಹಿಂದಿರುಗಿ ನೋಡಿ ಬರೆದದ್ದು. ಅವರಿಗೆ ಏನನ್ನಿಸಿತ್ತು, ಯಾರ ಮೇಲೆ ಗೌರವ ಇತ್ತು ಎಂದು ತಿಳಿಯೋಕೆ ಅದನ್ನು ಇಟ್ಟುಕೊಂಡೆ. ಇಸವಿ, ಹಣದ ಲೆಕ್ಕಕ್ಕೆ ಬೇರೆ ಕಡೆ ಹೋದೆ. ಮೈಸೂರಿನಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಇದೆ. ನನಗೆ ಎಲ್ಲಕ್ಕಿಂತ ಕೈಹಿಡಿದದ್ದು ಪ್ರಜಾಪ್ರತಿನಿಧಿ ಸಭೆಯ ನಡವಳಿ ಪುಸ್ತಕಗಳು. ರಂಗಾಚಾರ್ಲು 1881ರಲ್ಲಿ ಶುರು ಮಾಡಿದ ಸಭೆ ಅದು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ದಿವಾನರು ಭಾಷಣ ಮಾಡಬೇಕು, ವರ್ಷದ ಲೆಕ್ಕ ಒಪ್ಪಿಸಬೇಕು.

ಇದನ್ನು ಓದುವಾಗ ನಾನು ಒಂದು ಕ್ರಮ ಮಾಡಿಕೊಂಡೆ. ದಿವಾನರ ಭಾಷಣ ಕಡೆಗೆ, ಸದಸ್ಯರ ಅಹವಾಲು ಮೊದಲು. ಭಾಷಣದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನಮ್ಮೂರ ಕೆರೆ ಒಡೆದಿದೆ, ಕಂದಾಯ ಮಾಫಿ ಮಾಡಿ, ಸೇತುವೆ ಕೊಡಿ ಎಂದು ತಾಲ್ಲೂಕುಗಳಿಂದ ಬಂದವರು ಕೇಳುವ ಕಡೆ ನಾಡು ಕಾಣುತ್ತದೆ. ಅದನ್ನು ತಲೆಯಲ್ಲಿ ಇಟ್ಟುಕೊಂಡು ಭಾಷಣಕ್ಕೆ ಬಂದರೆ ಯಾವುದಕ್ಕೆ ಉತ್ತರ ಸಿಕ್ಕಿತು, ಯಾವುದನ್ನು ಜಾರಿಸಿದರು ಎಂದು ತಾನಾಗಿ ಗೊತ್ತಾಗುತ್ತದೆ. ಇದು ಯಾವ ಹಳೆಯ ಅಧಿಕಾರಿಯ ಬಗ್ಗೆ ಬರೆಯುವವರಿಗೂ ಕೆಲಸಕ್ಕೆ ಬರುತ್ತದೆ.

ಸೆಕ್ರೆಟರಿಯಾಗಿ ಕಲಿತದ್ದು ದಿವಾನಗಿರಿಯ ಮೊದಲ ವರ್ಷಗಳಲ್ಲೇ ಕಂಡಿತು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕೊಡುತ್ತಿತ್ತು. ಸಂಸ್ಥಾನಕ್ಕೆ ಅದು ದೊಡ್ಡ ಹೊರೆ. ವೈಸ್‌ರಾಯ್ ಇರ್ವಿನ್ 1927ರಲ್ಲಿ ಮೈಸೂರಿಗೆ ಬಂದಾಗ ಅದರಲ್ಲಿ ಹತ್ತೂವರೆ ಲಕ್ಷ ಇಳಿಸುವ ಮಾತು ಹೊರಬಿತ್ತು. ಇಂಥ ಕೆಲಸ ಗದ್ದಲ ಮಾಡಿದರೆ ಆಗಲ್ಲ. ವರ್ಷಗಟ್ಟಲೆ ಕಾಗದ ಬರೆಯಬೇಕು, ಎದುರಿನವರ ಮನಸ್ಸು ಓದಬೇಕು. ನಮ್ಮ ನಾಲೆಗೂ ಮೊದಲು ಇರ್ವಿನ್ ಹೆಸರೇ ಇತ್ತು. ವಿಶ್ವೇಶ್ವರಯ್ಯ ನಾಲೆ ಎಂದಾದದ್ದು ಆಮೇಲೆ. ಈಗ ನಮ್ಮ ಕಡೆ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ.

ನಾಲೆಯ ಅಧ್ಯಾಯಕ್ಕೆ ನಾನು ಪುಸ್ತಕ ಮುಚ್ಚಿ ಹೊಲಕ್ಕೆ ಹೋದೆ. ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಜಗುಲಿ ಮೇಲೆ ಕೂತಿದ್ದ ವಯಸ್ಸಾದ ಗೌಡರೊಬ್ಬರನ್ನು ಮಾತಾಡಿಸಿದೆ.

‘ಗೌಡ್ರೇ, ನೀರು ಬರೋಕೆ ಮುಂಚೆ ಇಲ್ಲಿ ಏನು ಬೆಳೀತಿದ್ರು?’

‘ರಾಗಿ, ಹುಳ್ಳಿ, ಜೋಳ. ಮಳೆ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಗದ್ದೆ ಅನ್ನೋದು ನಮ್ಮಪ್ಪ ಕಂಡಿದ್ದು ನಾಲೆ ಬಂದ್ಮೇಲೆ ಸ್ವಾಮಿ. ಮಿರ್ಜಾ ಸಾಹೇಬ್ರು ಕುದ್ರೆ ಮೇಲೆ ಬಂದಿದ್ರಂತೆ, ನಮ್ಮಜ್ಜ ನೋಡಿದ್ರಂತೆ.’

ಈ ಕುದುರೆಯ ಕಥೆ ನನಗೆ ಎಷ್ಟೋ ಮನೆಗಳಲ್ಲಿ ಸಿಕ್ಕಿತು. ಮಿರ್ಜಾ ಬೆಳಗ್ಗೆ ಕುದುರೆ ಏರಿ ಊರು ಸುತ್ತುತ್ತಿದ್ದದ್ದು, ಕೆಟ್ಟ ರಸ್ತೆ, ಒಣಗಿದ ಸಾಲುಮರ ಕಂಡರೆ ಅಂದೇ ಅಧಿಕಾರಿಗಳಿಗೆ ಹೇಳಿ ಕಳಿಸುತ್ತಿದ್ದದ್ದು ಪ್ರಸಿದ್ಧ. ಆದರೆ ಈ ಹಳ್ಳಿಗೆ ಇಂಥ ದಿನ ಬಂದರು ಎಂದು ಬರೆಯಬೇಕಾದರೆ ಕಾಗದ ಬೇಕು. ಹಾಗಾಗಿ ಮನೆಮಾತಿನ ಕಥೆಗಳನ್ನು ‘ಜನ ಹೇಳುವುದು’ ಎಂಬ ಬೇರೆ ಭಾಗದಲ್ಲಿ ಇಟ್ಟೆ. ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಮೂರನೇ ತಲೆಮಾರಿಗೂ ಒಬ್ಬ ದಿವಾನರ ಹೆಸರು ಜಗುಲಿ ಮೇಲೆ ಉಳಿದಿದೆ ಎಂದರೆ ಅದೂ ಒಂದು ದಾಖಲೆಯೇ.

ನಾಲೆಯ ಯಶಸ್ಸನ್ನು ಪೂರ್ತಿ ಮಿರ್ಜಾ ಅವರ ತಲೆಗೇ ಕಟ್ಟಬಾರದು. ಕಟ್ಟೆಯ ಯೋಜನೆಯ ಹಿಂದೆ ವಿಶ್ವೇಶ್ವರಯ್ಯ ಇದ್ದರು. ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ಹಾಯಿಸಿದ್ದು ಎಂಜಿನಿಯರುಗಳು, ಕೂಲಿಯವರು. ವ್ಯವಸಾಯದ ಕಡೆ ನೋಡಿಕೊಂಡದ್ದು ಲೆಸ್ಲಿ ಕೋಲ್ಮನ್. ಮಿರ್ಜಾ ಅವರದ್ದು ಕಾಗದದಿಂದ ಕಾಗದಕ್ಕೆ, ಇಲಾಖೆಯಿಂದ ಇಲಾಖೆಗೆ ಕೊಂಡಿ ಹಾಕಿದ ಕೆಲಸ. ಸುಮಾರು 1,20,000 ಎಕರೆಗೆ ನೀರುಣಿಸುವ ನಾಲೆ. ನೀರು ಬಂದರೆ ರೈತ ಏನು ಬೆಳೆಯಬೇಕು? ಕಬ್ಬು ಬೆಳೆದರೆ ಯಾರು ಕೊಳ್ಳಬೇಕು? 1932ರಲ್ಲಿ ಭಾರತದಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾನೂನು ಬಂತು. 1933ರಲ್ಲೇ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ನಮ್ಮ ಮೈಷುಗರ್. ಸರ್ಕಾರ ಷೇರು ಹಾಕಿತು, ಜನರೂ ಹಾಕಿದರು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಒಂದರ ಹಿಂದೆ ಒಂದು. ಹದಿನೆಂಟು ವರ್ಷ ಎಲ್ಲ ಇಲಾಖೆಯ ಕಡತ ಓದಿದವರಿಗೆ ಮಾತ್ರ ಈ ಸರಪಳಿ ತಲೆಯಲ್ಲಿ ಇರುತ್ತದೆ ಎಂದು ನಾನು ನಂಬಿದ್ದೇನೆ.

ಬೃಂದಾವನದ ಬಗ್ಗೆ ಎಲ್ಲರಿಗೂ ಗೊತ್ತು, ನಾನು ಎರಡೇ ಪುಟ ಬರೆದೆ.

ಜಾಸ್ತಿ ಹೊತ್ತು ತೆಗೆದುಕೊಂಡದ್ದು 1938ರ ಅಧ್ಯಾಯ. ಆ ವರ್ಷ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮುರಿದು ಧ್ವಜ ಹಾರಿಸಿದರು. ಟಿ. ಸಿದ್ಧಲಿಂಗಯ್ಯ ಅವರ ಅಧ್ಯಕ್ಷತೆ. ಬಂಧನಗಳಾದವು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆಗ ದಿವಾನರು ಮಿರ್ಜಾ. ಕರಡು ಓದಿದ ಗೆಳೆಯರೊಬ್ಬರು ‘ಒಳ್ಳೆಯವರ ಬಗ್ಗೆ ಬರೀತಿದ್ದೀರಿ, ಇದೆಲ್ಲ ಯಾಕೆ ಸುಮ್ನೆ?’ ಎಂದರು. ನಾನು ಒಪ್ಪಲಿಲ್ಲ. ಶಿವಪುರದಲ್ಲಿ ಸತ್ಯಾಗ್ರಹ ಸೌಧ ಎದ್ದು ನಿಂತಿದೆ, ಅದರ ಎದುರೇ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ನಾನು ಏನನ್ನು ಬಚ್ಚಿಡಲಿ?

ಆ ಅಧ್ಯಾಯ ಬರೆಯುವಾಗಲೇ ಹುಜೂರ್ ಕಚೇರಿಯ ಇನ್ನೊಂದು ಮುಖ ನನಗೆ ಕಂಡಿತು. ಹದಿನೆಂಟು ವರ್ಷ ಸಿಂಹಾಸನದ ಪಕ್ಕ ಕೂತವರಿಗೆ ಆಡಳಿತ ಅಂದರೆ ಮೇಲಿನಿಂದ ಇಳಿದು ಬರುವುದು. ದಕ್ಷ ದಿವಾನ, ಧರ್ಮಿಷ್ಠ ರಾಜ ಇದ್ದರೆ ಜನಕ್ಕೆ ಇನ್ನೇನು ಬೇಕು ಎಂಬ ನಂಬಿಕೆ. ಜನ ಕೇಳುತ್ತಿದ್ದದ್ದು ತಮಗೆ ಉತ್ತರ ಕೊಡುವ ಸರ್ಕಾರ. ನೀರು ಕೊಟ್ಟ ಸೀಮೆಯಲ್ಲೇ ಬಾವುಟದ ಜಗಳ ಎದ್ದದ್ದು ಅದಕ್ಕೇ. ಮುಂದೆ ಸರ್ದಾರ್ ಪಟೇಲರು, ಕೃಪಲಾನಿ ಬೆಂಗಳೂರಿಗೆ ಬಂದು ಮಾತಾಡಿದರು. ಮಿರ್ಜಾ-ಪಟೇಲ್ ಒಪ್ಪಂದ ಆಯಿತು. ಅಲ್ಲಿ ಮತ್ತೆ ಹಳೆಯ ಸೆಕ್ರೆಟರಿಯ ಕೈ ಕಾಣುತ್ತದೆ. ಎದುರು ಬದುರು ಕೂತರೆ ಅವರು ದಾರಿ ಹುಡುಕುತ್ತಿದ್ದರು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮರು ವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಆಮೇಲೆ ಜೈಪುರದಲ್ಲಿ 1942ರಿಂದ 46ರವರೆಗೆ, ಹೈದರಾಬಾದಿನಲ್ಲಿ 1946-47ರಲ್ಲಿ ಪ್ರಧಾನಿ. ಜೈಪುರದ ದೊಡ್ಡ ರಸ್ತೆಗೆ ಈಗಲೂ ಅವರ ಹೆಸರಿದೆ. ಹೈದರಾಬಾದಿನಲ್ಲಿ ಬೇಗ ಬಿಟ್ಟು ಬಂದರು. ಈ ಭಾಗ ನನ್ನ ಪುಸ್ತಕದಲ್ಲಿ ಚಿಕ್ಕದು. ಮೈಸೂರಿನಲ್ಲಿ ಇದ್ದಂಥ ನಂಬಿಕೆ ಬೇರೆ ಯಾವ ದರ್ಬಾರಿನಲ್ಲೂ ಅವರಿಗೆ ಸಿಗಲಿಲ್ಲ. 1959ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಪುಸ್ತಕ ಓದಿದ ಕೆಲವರು ತಮ್ಮ ಮನೆಯ ಹಳೆಯ ಕಾಗದ ತಂದು ತೋರಿಸಿದ್ದಾರೆ. ಎರಡನೇ ಮುದ್ರಣಕ್ಕೆ ಅದನ್ನು ಸೇರಿಸುತ್ತಿದ್ದೇನೆ. ಹುಜೂರ್ ಕಚೇರಿಯಲ್ಲಿ, ಅರಮನೆ ಕಚೇರಿಗಳಲ್ಲಿ ಗುಮಾಸ್ತರಾಗಿ, ಜವಾನರಾಗಿ ದುಡಿದವರ ಮೊಮ್ಮಕ್ಕಳು ಮೈಸೂರಿನ ಅಗ್ರಹಾರದಲ್ಲಿ, ನಜರಬಾದಿನಲ್ಲಿ, ಲಷ್ಕರ್ ಮೊಹಲ್ಲಾದಲ್ಲಿ ಇನ್ನೂ ಇದ್ದಾರೆ. ಅಟ್ಟದ ಮೇಲೆ ತಗಡಿನ ಟ್ರಂಕು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನೇಮಕದ ಆರ್ಡರ್, ಸಂಬಳದ ಚೀಟಿ, ದಸರಾ ದರ್ಬಾರಿನ ಆಹ್ವಾನ ಯಾವುದಾದರೂ ಸರಿ, ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಫೋಟೋ ತೆಗೆದಿಡಿ. ಎಷ್ಟೋ ಸಲ ಬೇಕಾದ ಷರಾ ಇರುವುದು ಹಿಂದಿನ ಮಗ್ಗುಲಿನಲ್ಲೇ.