ಹುಲಿ ಕವಡೆಯನ್ನು ಉಳಿಸಿಕೊಂಡದ್ದು

ಹುಲಿ ಕವಡೆ ಎಂದರೆ ಚುಕ್ಕೆ ಚಿಪ್ಪಿನ ಕಡಲ ಬಸವನಹುಳು. ಬೆಂಗಳೂರಿನ ಮನೆಯ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಅದು ಮೂರು ತಿಂಗಳು ದಾಟುವುದಿಲ್ಲ ಎಂದು ಹಳಬರೆಲ್ಲ ಹೇಳಿದ್ದರು. ನನ್ನದು ಎರಡು ವರ್ಷ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಸುಮಾರು 1,800 ರೂಪಾಯಿ ಕೊಟ್ಟಿದ್ದೆ. ಒಂಬತ್ತು ದಿನಕ್ಕೆ ಸತ್ತಿತು. ಹಿಂದಿನ ವರ್ಷ ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಅದೇ ತೊಟ್ಟಿಗೆ ತಾಮ್ರದ ಔಷಧಿ ಹಾಕಿದ್ದೆ. ಐದಾರು ಸಲ ನೀರು ಬದಲಿಸಿದ್ದೇನಲ್ಲ ಎಂಬ ಧೈರ್ಯವಿತ್ತು. ತಾಮ್ರ ಕವಡೆಗೆ ವಿಷ, ಕಲ್ಲು ಹೀರಿಕೊಂಡ ತಾಮ್ರ ಅಷ್ಟಕ್ಕೆಲ್ಲ ಹೋಗುವುದಿಲ್ಲ. ಹೊಸ ತೊಟ್ಟಿ, ಕಲ್ಲು, ನೀರು ತಣ್ಣಗಿಡುವ ಚಿಲ್ಲರ್ ಎಲ್ಲ ಸೇರಿ 70 ಸಾವಿರ ದಾಟಿತು.

ಎರಡನೆಯದು ಹಸಿವಿನಿಂದ ಹೋಯಿತು. ಅದು ಇಂದಿಗೂ ಚುಚ್ಚುತ್ತದೆ. ನಾನು ಗಾಜನ್ನೂ ಕಲ್ಲನ್ನೂ ಉಜ್ಜಿ ಉಜ್ಜಿ ಫಳಫಳ ಇಟ್ಟಿದ್ದೆ. ಅದಕ್ಕೆ ಮೇಯಲು ಏನೂ ಇರಲಿಲ್ಲ. ಎರಡನೇ ತಿಂಗಳು ಚಿಪ್ಪಿನ ಬೆನ್ನು ಮಂಕಾಗಿ ಹಸಿರು ಕೂರತೊಡಗಿತು. ಚಿಪ್ಪನ್ನು ಹೊದ್ದು ಹೊಳಪಾಗಿಡುವ ಮೆತ್ತನೆಯ ಮೈಪೊರೆ ಹೊರಬರುವುದು ನಿಂತಿದೆ ಎಂಬುದಕ್ಕೆ ಬೇರೆ ಗುರುತು ಬೇಕಿಲ್ಲ.

ಮೂರನೆಯದನ್ನು ತರುವ ಮೊದಲೇ ತಾರಸಿಯ ಮೇಲೆ ಟಬ್ ಇಟ್ಟೆ. ತೊಟ್ಟಿಯಿಂದ ತೆಗೆದ ಉಪ್ಪುನೀರು, ಸಣ್ಣ ಪಂಪು, ಬಿಸಿಲು. ಮೂರು ವಾರಕ್ಕೆ ಕಲ್ಲುಗಳು ಪಾಚಿಯಿಂದ ಹಸಿರಾದವು. ವಾರಕ್ಕೆ ಎರಡು ಕಲ್ಲು ಒಳಗೆ, ಮೇಯ್ದ ಎರಡು ಹೊರಗೆ. ಟಬ್ಬಿಗೆ ಇನ್ನೊಂದು ಪದಾರ್ಥವನ್ನೂ ಹಾಕುತ್ತೇನೆ. ಅದನ್ನು ಇನ್ನೊಂದು ಬೇಸಿಗೆ ಪರೀಕ್ಷಿಸಿದ ಮೇಲೆಯೇ ಹೇಳುತ್ತೇನೆ. ಬೇಯಿಸಿದ ಪಾಲಕ್ ಕೊಟ್ಟು ನೋಡಿದೆ, ಮೂಸಲಿಲ್ಲ, ನೀರು ಮಾತ್ರ ಕೆಟ್ಟಿತು. ಒಣ ಕಡಲಪಾಚಿಯ ಹಾಳೆಯನ್ನು ಕಲ್ಲಿಗೆ ಕಟ್ಟಿಟ್ಟರೆ ತಿನ್ನುತ್ತದೆ. ರಾತ್ರಿ ಸಿಗಡಿಯ ಚೂರೂ ಆಗುತ್ತದೆ. ಮೆದು ಹವಳವನ್ನಂತೂ ಇದರ ಜೊತೆ ಇಡಬೇಡಿ: 4 ಸಾವಿರದ ಗೊಂಚಲೊಂದು ವಾರದಲ್ಲಿ ಬೋಳಾಯಿತು. ಅಂಟಿಸದೆ ಬಿಟ್ಟ ಕಲ್ಲನ್ನೂ ಉರುಳಿಸುತ್ತದೆ.

ಹಗಲು ಬಂಡೆಯ ಸಂದಿಯಲ್ಲಿ ಬಿದ್ದಿರುತ್ತದೆ. ರಾತ್ರಿ ಹನ್ನೊಂದರ ಮೇಲೆ ಕೆಂಪು ಟಾರ್ಚ್ ಹಿಡಿದು ಕೂತರೆ, ಎರಡೂ ಬದಿಯಿಂದ ಮೈಪೊರೆ ನಿಧಾನವಾಗಿ ಮೇಲೇರಿ ಬೆನ್ನ ಮೇಲೆ ಕೂಡುತ್ತದೆ, ಅದರ ತುಂಬೆಲ್ಲ ಬಿಳಿತುದಿಯ ಎಳೆಗಳು. ಬೆರಳು ತಾಗಿದರೆ ಸರ್ರನೆ ಒಳಸೇರುತ್ತದೆ. ಆಗ ಕಾಣುವ ಚುಕ್ಕೆಗಳ ಹೊಳಪನ್ನು ಅಂಗಡಿಯಲ್ಲಿ ಮಾರುವ ಯಾವ ಕವಡೆಯಲ್ಲೂ ನಾನು ಕಂಡಿಲ್ಲ. ಉದ್ದ ಎಂಟು ಸೆಂಟಿಮೀಟರ್ ಇರಬಹುದು. ಚಿಪ್ಪಿನ ಬಾಯಂಚು ಒಳಮಡಚಿ ಹಲ್ಲಿನಂಥ ಗೆರೆ ಮೂಡಿದ್ದರಿಂದ ಇನ್ನು ಉದ್ದವಾಗುವುದಿಲ್ಲ, ದಪ್ಪವಾಗುತ್ತದಷ್ಟೆ.

ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಆದರೆ ಚಿಪ್ಪು ನೋಡಿ ಹೇಳಲಾಗದು. ಮುಂದಿನ ತಿಂಗಳು ಇನ್ನೊಂದನ್ನು ತರುತ್ತಿದ್ದೇನೆ. ಟಬ್ಬಿನಲ್ಲಿ ಆರು ಕಲ್ಲು ಹೆಚ್ಚಿಗೆ ಇಟ್ಟಾಗಿದೆ.