ಬ್ಲೇಡ್ ತಿಂದ 3 ಮಿಲಿಮೀಟರ್

ಲೋಹದ ಬಾರ್ 6000 ಮಿ.ಮೀ., ತುಂಡು 1500. ನಾಲ್ಕು ತುಂಡು, ವೇಸ್ಟ್ ಸೊನ್ನೆ. ಎಕ್ಸೆಲ್‌ನಲ್ಲಿ ಅತ್ಯುತ್ತಮ ಉತ್ತರ ಹುಡುಕುವ ಸಾಲ್ವರ್ ಕೊಟ್ಟ ಈ ಉತ್ತರವನ್ನು ಪ್ರಿಂಟ್ ತೆಗೆದು ಕಟಿಂಗ್ ಮಷಿನ್ ಪಕ್ಕ ಅಂಟಿಸಿದ್ದೆ. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಶಾಫ್ಟ್ ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ನಾಲ್ಕನೇ ತುಂಡುಗಳೆಲ್ಲ 9 ಮಿ.ಮೀ. ಗಿಡ್ಡ.

"ಬ್ಲೇಡ್ ತಿನ್ನೂದು ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲೇನ್ರಿ ಸರ್?" ಎಂದರು ಕಟಿಂಗ್ ಮಾಡುವ ಕಾಕಾ. ಒಂದು ಕಟ್‌ಗೆ 3 ಮಿ.ಮೀ., ಮೂರು ಕಟ್. ಲೆಕ್ಕ ಸರಿಯೇ ಇತ್ತು, ಬ್ಲೇಡೇ ಅದರಲ್ಲಿರಲಿಲ್ಲ.

ಆಮೇಲೆ ಪ್ರತಿ ತುಂಡಿಗೂ 3 ಸೇರಿಸಿಯೇ ಲೆಕ್ಕ ಹಾಕಿದೆ. ಒಂದು ಆರ್ಡರ್‌ಗೆ 1700ರ 60 ತುಂಡು, 1250ರ 60 ತುಂಡು ಬೇಕಿತ್ತು. ಬೇರೆ ಬೇರೆ ಕತ್ತರಿಸಿದರೆ 20 ಮತ್ತು 15, ಒಟ್ಟು 35 ಬಾರ್. ಒಂದೇ ಬಾರ್‌ನಲ್ಲಿ ಎರಡು ಅದು, ಎರಡು ಇದು ತೆಗೆದರೆ 5900. ಬ್ಲೇಡ್ ತಿಂದದ್ದು ಕಳೆದು 88 ಮಿ.ಮೀ. ಮಾತ್ರ ಉಳಿಯುತ್ತದೆ. 30 ಬಾರ್‌ಗಳಲ್ಲಿ ಕೆಲಸ ಮುಗಿಯಿತು. ಇಂಥ ಲೆಕ್ಕಕ್ಕೆ ಗಿಲ್ಮೋರ್ ಮತ್ತು ಗೊಮೊರಿ ಎಂಬ ಗಣಿತಜ್ಞರು 1961ರಲ್ಲೇ ದಾರಿ ತೋರಿಸಿದ್ದರು. ನಮ್ಮಷ್ಟು ಸಣ್ಣ ಆರ್ಡರ್‌ಗೆ ಅಷ್ಟೆಲ್ಲ ಬೇಡ, ಸಾಲ್ವರ್ ಸಾಕು.

ಸುದ್ದಿ ಗೆಳೆಯರಿಗೆ ಮುಟ್ಟಿತು. ವಿದ್ಯಾನಗರದ ಚಹಾ ಅಂಗಡಿಯಲ್ಲಿ ಒಬ್ಬ, "ಇಷ್ಟ ಲೆಕ್ಕ ಬರ್ತದಲ್ಲ, ಐಪಿಎಲ್‌ದಾಗ ಯಾರು ಗೆಲ್ತಾರ ಹೇಳಲೇ" ಅಂದ. ಹುರುಪು ಬಂತು. ಹಳೆ ಮ್ಯಾಚುಗಳ ಡೇಟಾ ಇಳಿಸಿಕೊಂಡು ಗೆಲ್ಲುವ ಸಾಧ್ಯತೆ ಎಷ್ಟೆಂದು ಹೇಳುವ ಮಾಡೆಲ್ (ಲಾಜಿಸ್ಟಿಕ್ ರಿಗ್ರೆಶನ್) ಕಟ್ಟಿದೆ: ಟಾಸ್, ಮೈದಾನ, ಇತ್ತೀಚಿನ ಫಾರ್ಮ್. ಮೊದಲ ಉತ್ತರ ಭರ್ಜರಿಯಾಗಿತ್ತು. ಅನುಮಾನ ಬಂದು ಕೆದಕಿದೆ. ತಂಡದ ಸರಾಸರಿ ರನ್‌ನಲ್ಲಿ ಊಹಿಸಬೇಕಾದ ಮ್ಯಾಚಿನ ರನ್ನೂ ಸೇರಿತ್ತು. ಪ್ರಶ್ನೆಪತ್ರಿಕೆ ಲೀಕ್ ಆದಂತೆ, ಅಲ್ವಾ! ಸರಿಪಡಿಸಿದ ಮೇಲೆ ಒಂದು ಸೀಸನ್ ಪೂರ್ತಿ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. 74ರಲ್ಲಿ 41 ಸರಿ.

ಹಣ ಹಚ್ಚಲಿಲ್ಲ. ಬೆಟ್ಟಿಂಗ್ ಇಲ್ಲಿ ಅಪರಾಧ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೂ ನಿಷೇಧಿಸಿದೆ. ಆದರೂ ಕುತೂಹಲ ಬಿಡಲಿಲ್ಲ, ಹಚ್ಚಿದ್ದರೆ?

ಸಮಬಲದ ತಂಡಗಳಿಗೆ ಬುಕ್ಕಿ ಎರಡೂ ಕಡೆ 1.90 ಕೊಡುತ್ತಾನೆ ಅನ್ನಿ, ಅಂದರೆ ಗೆದ್ದರೆ 1 ರೂಪಾಯಿಗೆ ಒಟ್ಟು 1.90 ವಾಪಸ್. 1ನ್ನು 1.90ರಿಂದ ಭಾಗಿಸಿದರೆ ಶೇ. 52.63. ನಷ್ಟವಾಗದಿರಲು ಕನಿಷ್ಠ ಇಷ್ಟು ಸಲ ಗೆಲ್ಲಬೇಕು. ಎರಡೂ ಕಡೆ ಕೂಡಿಸಿದರೆ 105.26. ನೂರರ ಮೇಲಿನ ಆ ಐದು ಚಿಲ್ಲರೆ ಕಂಡಾಗ ಕಾಕಾ ನೆನಪಾದರು. ಇದೂ ಬ್ಲೇಡೇ, ಬುಕ್ಕಿಯದು. ಪ್ರತಿ ಕಟ್‌ಗೂ ತಿನ್ನುತ್ತದೆ.

ಮ್ಯಾಚಿಗೆ 100 ರೂಪಾಯಿಯಂತೆ ಎಲ್ಲಕ್ಕೂ 1.90 ಎಂದು ಹಿಡಿದರೂ ನನ್ನ ಲಾಭ 390 ರೂಪಾಯಿ. ಅದೂ ಅದೃಷ್ಟವೇ ಇರಬಹುದು. ನಾಣ್ಯ ಚಿಮ್ಮಿದರೂ 74ಕ್ಕೆ 41 ಬರುವುದು ಅಪರೂಪವೇನಲ್ಲ. ಎಷ್ಟು ಹಚ್ಚಬೇಕು ಎನ್ನುವುದಕ್ಕೆ 1956ರ ಕೆಲ್ಲಿ ಸೂತ್ರವಿದೆ. ಗೆಲ್ಲುವ ಸಾಧ್ಯತೆ ಶೇ. 55 ಅಂದರೆ ಕೈಯಲ್ಲಿರುವ ದುಡ್ಡಿನ ಶೇ. 5 ಹಚ್ಚು ಅನ್ನುತ್ತದೆ. ಅದೇ ಶೇ. 52 ಅಂದರೆ ಏನೂ ಹಚ್ಚಬೇಡ ಅನ್ನುತ್ತದೆ. ಮೂರು ಅಂಕದ ವ್ಯತ್ಯಾಸ. ನನ್ನ ಮಾಡೆಲ್‌ನ ತಪ್ಪು ಅದಕ್ಕಿಂತ ಜಾಸ್ತಿ ಇತ್ತು. 2023ರಲ್ಲಿ ಐಪಿಎಲ್‌ಗೆ, ಮ್ಯಾಚಿನ ಮಧ್ಯೆ ಒಬ್ಬ ಆಟಗಾರನನ್ನು ಬದಲಿಸಲು ಬಿಡುವ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂತು. ಅದಕ್ಕಿಂತ ಹಿಂದಿನ ಮ್ಯಾಚುಗಳಿಂದ ಕಲಿತದ್ದನ್ನು ಎಷ್ಟು ನಂಬುವುದು?

ನೋಟ್‌ಬುಕ್ ಡ್ರಾದಲ್ಲಿದೆ. ಕಟಿಂಗ್ ಶೀಟ್ ಮಾತ್ರ ದಿನಾ ಪ್ರಿಂಟ್ ಆಗುತ್ತದೆ. ಕಾಕಾ ಈಗಲೂ ಮೊದಲ ತುಂಡಿಗೆ ಟೇಪ್ ಹಿಡಿದು ನೋಡಿಯೇ ಮಷಿನ್ ಪೂರ್ತಿ ಓಡಿಸುತ್ತಾರೆ.